ಅರಮನೆಯ ವಾದ್ಯವೃಂದವೂ ಕೃಷ್ಣಾತೀರದ ಕರಡಿಮಜಲೂ

(೧)

ಕನ್ನಡ ನಾಡಿನಲ್ಲಿ ವಾದ್ಯವೃಂದದ ಚರಿತ್ರೆಯನ್ನು ಹೇಳಹೊರಟವರು ಮೈಸೂರು ನಗರದಿಂದ ಆರಂಭಿಸಿ ಮೈಸೂರು ನಗರದಲ್ಲಿಯೇ ಮುಗಿಸುವುದು ವಾಡಿಕೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ತಂತಿಯ ವಾದ್ಯಗಳು, ಊದುವ ವಾದ್ಯಗಳು, ಚರ್ಮವಾದ್ಯಗಳು ಇವೆಲ್ಲವನ್ನೂ ಒಂದೆಡೆ ಕೂಡಿಸಿ, ಬರೆದಿಟ್ಟ ಸ್ವರಲಿಪಿಗನುಸಾರವಾಗಿ ಒಬ್ಬ ನಿರ್ದೇಶಕನ ಕೈಸನ್ನೆಯಂತೆ ನುಡಿಸುವ ಪಾಶ್ಚಾತ್ಯ ಸಿಂಫನಿ ವಾದ್ಯವೃಂದವನ್ನು ಹೋಲುವ ಸಂಸ್ಥೆಯು ಈ ನಾಡಿನಲ್ಲಿ ಪ್ರಸಿದ್ಧಿಗೆ ಬಂದುದು ಆ ನಗರದ ಅರಮನೆಯಲ್ಲಿಯೇ. ಆದರೆ ವಾದ್ಯವೃಂದವೆಂದರೆ ಅನೇಕರು ಕೂಡಿ ಒಂದೇ ಮನಸ್ಸಿನಿಂದ ನುಡಿಸುವ ಸಂಗೀತವೆಂದು ಅರ್ಥಮಾಡಿದಲ್ಲಿ, ಕೃಷ್ಣಾ ಘಟಪ್ರಭೆಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಜಾತ್ರೆ, ಮದುವೆ, ಮೆರವಣಿಗೆಗಳ ಸಂಗಾತಿಯಾಗಿ ಬಂದಿರುವ ಕರಡಿಮಜಲನ್ನು ಬಿಟ್ಟು ಆ ಚರಿತ್ರೆಯು ಪೂರ್ಣವಾಗಲಾರದು. ಒಂದು ಅರಸನ ಆಶ್ರಯದಲ್ಲಿ ಬೆಳೆದುದು. ಮತ್ತೊಂದು ಊರಿನ ಆಶ್ರಯದಲ್ಲಿ ಉಳಿದುದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ, ಕನ್ನಡಿಗರು ವೃಂದಸಂಗೀತವನ್ನು ನೆನೆಯುವ ಕ್ರಮದಲ್ಲಿಯೇ ಒಂದು ಲೋಪವಿರುವುದು ಸ್ಪಷ್ಟವಾಗುತ್ತದೆ. ಆ ಲೋಪವನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

(೨)

ತೂಗುವುದಕ್ಕೆ ಮೊದಲು ತಕ್ಕಡಿ ಬೇಕು. ಭಾರತೀಯ ಸಂಗೀತವು ಏಕವ್ಯಕ್ತಿಪ್ರಧಾನವಾದುದು, ಗಾಯಕನೊಬ್ಬನ ಮನೋಧರ್ಮವೇ ಅದರ ಜೀವ, ವೃಂದವೆಂಬುದು ಪಾಶ್ಚಾತ್ಯರಿಂದ ಬಂದ ವಸ್ತು ಎಂಬ ಅಭಿಪ್ರಾಯವು ಬಹುಕಾಲದಿಂದ ಪ್ರಚಾರದಲ್ಲಿದೆ. ಶಾಸ್ತ್ರಗ್ರಂಥಗಳು ಈ ಅಭಿಪ್ರಾಯಕ್ಕೆ ಆಧಾರವನ್ನು ಕೊಡುವುದಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ವಾದಕರ ಸಮೂಹಕ್ಕೆ ಕುತಪವೆಂಬ ಹೆಸರೇ ಇದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸನಾದ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ವೃಂದವನ್ನು ಪ್ರತ್ಯೇಕವಾಗಿ ನಿರೂಪಿಸಿದ್ದಾನೆ. ಅವನ ಮತದಲ್ಲಿ ಉತ್ತಮ ವೃಂದಕ್ಕೆ ಮುಖ್ಯ ಗಾಯಕರು ೪, ಸಹಗಾಯಕರು ೮, ಗಾಯಕಿಯರು ೧೨, ಕೊಳಲಿನವರು ೪, ಮೃದಂಗದವರು ೪, ಒಟ್ಟು ೩೨ ಜನ ಇರಬೇಕು. ಸೇವುಣರ ಆಳಿಕೆಯು ಕೃಷ್ಣಾ ಮಲಪ್ರಭೆಗಳ ಸೀಮೆಯನ್ನೂ ಒಳಗೊಂಡಿತ್ತೆಂಬುದನ್ನು ನೆನೆದರೆ, ಈ ಶಾಸ್ತ್ರವು ಇಲ್ಲಿನ ನೆಲಕ್ಕೆ ಪರಕೀಯವಾದುದಲ್ಲವೆಂದು ತಿಳಿಯುತ್ತದೆ. ಅದೇ ಗ್ರಂಥವು ಚರ್ಮವಾದ್ಯಗಳ ಸಾಲಿನಲ್ಲಿ ಕರಟಾ ಎಂಬುದೊಂದನ್ನು ಹೇಳುವುದೂ, ಕನ್ನಡದ ಕರಡಿ ಎಂಬ ವಾದ್ಯದ ಹೆಸರು ಅದಕ್ಕೆ ಇಷ್ಟು ಸಮೀಪವಾಗಿರುವುದೂ ವಿಚಾರಾರ್ಹವಾದ ಸಂಗತಿಗಳು.

ಜನಸಂಖ್ಯೆಗಿಂತ ಮುಖ್ಯವಾದುದು ಶಾರ್ಙ್ಗದೇವನು ಹೇಳುವ ವೃಂದದ ಆರು ಗುಣಗಳು. ಮುಖ್ಯನಾದವನನ್ನು ಅನುಸರಿಸುವುದು, ಪರಸ್ಪರ ಬೆರೆಯುವುದು, ತಾಳಲಯಗಳನ್ನು ಬಿಡದೆ ನಡೆಯುವುದು, ಒಬ್ಬನಲ್ಲಿ ತುಂಡಾದುದನ್ನು ಮತ್ತೊಬ್ಬನು ತುಂಬಿ ನಿರ್ವಹಿಸುವುದು, ಮೂರು ಸ್ಥಾಯಿಗಳನ್ನೂ ವ್ಯಾಪಿಸುವ ಶಕ್ತಿ, ಧ್ವನಿಗಳ ಸಾದೃಶ್ಯ. ಇವುಗಳಲ್ಲಿ ನಾಲ್ಕನೆಯದು ವಿಶೇಷ ಗಮನಕ್ಕೆ ಪಾತ್ರವಾದುದು. ಒಬ್ಬನೇ ಹಾಡುವಲ್ಲಿ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ವೃಂದದಲ್ಲಿ ಅದು ನೆರೆಯವನ ಕರ್ತವ್ಯವಾಗುತ್ತದೆ. ಅನೇಕರು ಒಂದೇ ಕಾಲಕ್ಕೆ ನುಡಿಸಿದ ಮಾತ್ರಕ್ಕೆ ವೃಂದವಾಗದು, ಒಬ್ಬರ ಭಾರವನ್ನು ಒಬ್ಬರು ಹೊತ್ತಾಗ ವೃಂದವಾಗುತ್ತದೆ ಎಂಬುದೇ ಈ ಲಕ್ಷಣದ ತಾತ್ಪರ್ಯ. ಪಾಶ್ಚಾತ್ಯ ಸಿಂಫನಿಗೂ ಹಳ್ಳಿಯ ಮೇಳಕ್ಕೂ ಸಮಾನವಾಗಿ ಅನ್ವಯಿಸುವ ಅಳತೆಯೊಂದು ಬೇಕಾದಲ್ಲಿ ಇದಕ್ಕಿಂತ ಉತ್ತಮವಾದುದು ದೊರೆಯದು.

(೩)

ಮೈಸೂರಿನ ವಾದ್ಯವೃಂದವು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಉಚ್ಛ್ರಾಯಸ್ಥಿತಿಯನ್ನು ಪಡೆಯಿತು. ೧೯೦೨ರಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡು ೧೯೪೦ರವರೆಗೆ ಆಳಿದ ಈ ಅರಸರು ದೇಶೀಯ ಮತ್ತು ಪಾಶ್ಚಾತ್ಯ ವಾದ್ಯಗಳೆರಡರಲ್ಲಿಯೂ ಪರಿಶ್ರಮವುಳ್ಳವರಾಗಿದ್ದರು. ಅರಮನೆಯಲ್ಲಿ ಕರ್ನಾಟಕ ಸಂಗೀತದ ಬ್ಯಾಂಡೂ ಇಂಗ್ಲಿಷ್ ರೀತಿಯ ಬ್ಯಾಂಡೂ ಬೇರೆಬೇರೆಯಾಗಿದ್ದುವು. ಜರ್ಮನಿಯ ಆಟೋ ಸ್ಮಿತ್ ಪಾಶ್ಚಾತ್ಯ ವಿಭಾಗದ ನಿರ್ದೇಶಕನಾಗಿ ವಾದಕರನ್ನು ತರಬೇತುಗೊಳಿಸಿದನು. ಇತ್ತ ವೈಣಿಕ ವೆಂಕಟಗಿರಿಯಪ್ಪನವರು ವೃಂದದಲ್ಲಿ ನುಡಿಸುವುದಕ್ಕಾಗಿಯೇ ನಗ್ಮಾಗಳೆಂಬ ಗತಿಬದ್ಧ ರಚನೆಗಳನ್ನು ಮಾಡಿದರು. ಬಸವಪ್ಪಶಾಸ್ತ್ರಿಗಳು ರಚಿಸಿದ ಸಂಸ್ಥಾನದ ಗೀತೆಯು ದರ್ಬಾರುಗಳಲ್ಲಿ ಈ ವಾದ್ಯಗಳಿಂದಲೇ ಮೊಳಗುತ್ತಿತ್ತು.

ಈ ಪ್ರಯತ್ನದ ಗುಣವನ್ನು ಕಡಮೆಯಾಗಿ ಎಣಿಸುವಂತಿಲ್ಲ. ರಾಗವೆಂಬುದು ಒಂದರ ಹಿಂದೆ ಒಂದಾಗಿ ಸಾಗುವ ಸ್ವರಗಳಿಂದಲೂ, ಅವುಗಳ ನಡುವಣ ಗಮಕಗಳಿಂದಲೂ ಜೀವಿಸುವುದು. ಸಿಂಫನಿಯು ಏಕಕಾಲದಲ್ಲಿ ನುಡಿಯುವ ಭಿನ್ನಸ್ವರಗಳ ಮೇಳನದಿಂದ ಜೀವಿಸುವುದು. ಮೊದಲನೆಯದನ್ನು ಎರಡನೆಯದರ ಅಚ್ಚಿಗೆ ಇಳಿಸಿದರೆ ಗಮಕವು ಒಣಗುತ್ತದೆ. ಎರಡನೆಯದನ್ನು ಮೊದಲನೆಯದರ ಜಾಡಿಗೆ ತಂದರೆ ಮೇಳನವು ಬರಿಯ ಆಧಾರಶ್ರುತಿಯಾಗಿ ಉಳಿಯುತ್ತದೆ. ನಗ್ಮಾವು ಈ ಇಕ್ಕಟ್ಟಿನಿಂದ ಪಾರಾಗುವ ಒಂದು ಜಾಣ ಉಪಾಯ. ಗಮಕಬಹುಳವಾದ ವಿಸ್ತಾರವನ್ನು ಬಿಟ್ಟು, ಲಯಪ್ರಧಾನವಾದ ಸ್ವರಗುಚ್ಛಗಳನ್ನು ಹಿಡಿದುದರಿಂದ, ಅನೇಕ ವಾದ್ಯಗಳು ಒಂದಾಗಿ ನುಡಿಯಲು ಅಲ್ಲಿ ಎಡೆ ದೊರೆಯಿತು. ಇದು ವೃಂದದ ಸ್ವಭಾವವನ್ನು ಬಲ್ಲ ವಿದ್ವಾಂಸನು ಮಾಡಿದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ವೃಂದವನ್ನು ಯಾರು ಕೇಳುತ್ತಿದ್ದರು ಎಂಬುದನ್ನೂ ಕೇಳಬೇಕು. ದರ್ಬಾರಿಗೂ ಔತಣಕ್ಕೂ ಬಂದವರು ಅರಸನ ಅತಿಥಿಗಳು. ನುಡಿಸಿದವರು ಅರಮನೆಯ ಸಂಬಳದ ನೌಕರರು. ಏನನ್ನು ನುಡಿಸಬೇಕೆಂಬುದು ಅರಸನ ಅಭಿರುಚಿಗೆ ಸೇರಿದ ವಿಷಯ. ದಸರೆಯ ಮೆರವಣಿಗೆಯಲ್ಲಿ ನಗರದ ಜನರು ಅದನ್ನು ಕೇಳಿದರೂ ಅದು ಉತ್ಸವದ ಅಂಗವಾಗಿತ್ತೇ ಹೊರತು ಜನರು ತಾವಾಗಿ ಕರೆದು, ಬೆಲೆಕೊಟ್ಟು, ತಪ್ಪಿದರೆ ಗದರಿಸುವ ಸಂಗೀತವಾಗಿರಲಿಲ್ಲ. ಆದುದರಿಂದ ಅರಮನೆಯ ಸ್ಥಿತಿಯು ಬದಲಾದೊಡನೆ ವೃಂದದ ಸ್ಥಿತಿಯೂ ಬದಲಾಯಿತು. ಸಂಸ್ಥಾನವು ೧೯೪೭ರಲ್ಲಿ ಭಾರತದೊಡನೆ ಸೇರಿದ ತರುವಾಯ ಅರಮನೆಯ ಬ್ಯಾಂಡುಗಳ ಪರಂಪರೆ ಪೊಲೀಸ್ ಇಲಾಖೆಯ ಬ್ಯಾಂಡಿನ ರೂಪದಲ್ಲಿ ಮುಂದುವರಿಯಿತು. ಅದು ಇಂದಿಗೂ ದಸರೆಯಲ್ಲಿ ನುಡಿಯುತ್ತದೆ. ಆದರೆ ನಗರವೊಂದರ ಸಿಂಫನಿ ವಾದ್ಯವೃಂದವಾಗಿ ಅದು ಬೆಳೆಯಲಿಲ್ಲ.

(೪)

ಇದೇ ಕಾಲದಲ್ಲಿ ನಡೆದ ಮತ್ತೊಂದು ಸಂಗತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡುವುದು ಉಪಯುಕ್ತ. ೧೯೪೦ರಲ್ಲಿ ಸಿಂಹಾಸನವನ್ನೇರಿದ ಜಯಚಾಮರಾಜ ಒಡೆಯರು ಪಿಯಾನೋ ವಾದನದಲ್ಲಿ ನಿಪುಣರು. ಪಾಶ್ಚಾತ್ಯ ಸಂಗೀತದ ರಸಜ್ಞರು. ಲಂಡನ್ನಿನಲ್ಲಿ ವಾಲ್ಟರ್ ಲೆಗ್ಗೆ ೧೯೪೫ರಲ್ಲಿ ಸ್ಥಾಪಿಸಿದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಅವರು ನೆರವಾದರು. ೧೯೪೮ರಲ್ಲಿ ಅದರ ಕಚೇರಿಸಂಘದ ಮೊದಲ ಅಧ್ಯಕ್ಷರಾದರು. ವರ್ಷಕ್ಕೆ ೧೦,೦೦೦ ಪೌಂಡುಗಳಂತೆ ಮೂರು ವರ್ಷಗಳ ನೆರವನ್ನು ಅವರು ಒಪ್ಪಿಕೊಂಡರೆಂದು ಲೆಗ್ಗೆಯೇ ಸ್ಮರಿಸಿದ್ದಾನೆ. ರಷ್ಯದ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಅವರ ಹಣವೇ ಆಧಾರವಾಯಿತು; ಕೃತಜ್ಞತೆಯಿಂದ ಆತನು ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅವರಿಗೆ ಅರ್ಪಿಸಿದನು. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು ೧೯೫೦ನೆಯ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ, ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ, ಕಿರ್ಸ್ಟನ್ ಫ್ಲಾಗ್‌ಸ್ಟಾಡಳ ಕಂಠದಿಂದ ಮೊದಲ ಸಲ ಕೇಳಿಬಂದುದೂ ಮೈಸೂರಿನ ಈ ಔದಾರ್ಯದ ಫಲವೇ.

ಮೈಸೂರಿನ ಧನವು ಲಂಡನ್ನಿನಲ್ಲಿ ವೃಂದವೊಂದನ್ನು ನಿಲ್ಲಿಸಿತು, ಮೈಸೂರಿನಲ್ಲಿ ನಿಲ್ಲಿಸಲಿಲ್ಲ ಎಂದು ಇದನ್ನು ಆಕ್ಷೇಪಿಸುವುದು ಸುಲಭ. ಆದರೆ ಆ ಆಕ್ಷೇಪವು ಮೇಲುಮೇಲಿನದು. ನಿಜವಾದ ಪಾಠವಿರುವುದು ಮುಂದಿನ ಕಥೆಯಲ್ಲಿ. ೧೯೬೪ರಲ್ಲಿ ಸ್ಥಾಪಕನಾದ ಲೆಗ್ಗೆಯೇ ವೃಂದದ ಕೆಲಸವನ್ನು ನಿಲ್ಲಿಸುವುದಾಗಿ ಪ್ರಕಟಿಸಿದಾಗ, ವಾದಕರು ಚದರಿಹೋಗಲಿಲ್ಲ. ತಾವೇ ಒಡೆಯರಾಗಿ, ನ್ಯೂ ಫಿಲ್ಹಾರ್ಮೋನಿಯಾ ಎಂಬ ಹೆಸರಿನಿಂದ ಸ್ವಯಮಾಡಳಿತದ ಸಂಸ್ಥೆಯನ್ನು ಕಟ್ಟಿಕೊಂಡು, ಹಣ ಕೊಟ್ಟು ಬರುವ ಶ್ರೋತೃಗಳನ್ನು ನಂಬಿ ನುಡಿಸಿದರು. ೧೯೭೭ರಲ್ಲಿ ಹಳೆಯ ಹೆಸರನ್ನೂ ಮರಳಿ ಪಡೆದರು. ಒಬ್ಬನಲ್ಲಿ ತುಂಡಾದುದನ್ನು ಉಳಿದವರು ತುಂಬಬೇಕೆಂಬ ಶಾರ್ಙ್ಗದೇವನ ಮಾತು ಇಲ್ಲಿ ಸ್ವರದ ವಿಷಯದಲ್ಲಿ ಮಾತ್ರವಲ್ಲ, ಸಂಸ್ಥೆಯ ವಿಷಯದಲ್ಲಿಯೂ ಸತ್ಯವಾಯಿತು. ಮೈಸೂರಿನ ಅರಮನೆಯ ವಾದಕರಿಗೆ ಇಂಥ ಅವಕಾಶವಿರಲಿಲ್ಲ. ಅವರಿಗೆ ಕೌಶಲದ ಕೊರತೆಯಿರಲಿಲ್ಲ. ತಮ್ಮದೆಂಬ ಸಂಘವೂ ತಮ್ಮದೆಂಬ ಶ್ರೋತೃವರ್ಗವೂ ಇರಲಿಲ್ಲ.

(೫)

ಈಗ ಉತ್ತರದ ಸೀಮೆಗೆ ಬರಬಹುದು. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದರು. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಎರಡು ಸಂಸ್ಥಾನಗಳೂ ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ೧೯೫೬ರಲ್ಲಿ ಸೀಮೆಯೆಲ್ಲವೂ ಕನ್ನಡದ ಏಕರಾಜ್ಯಕ್ಕೆ ಬಂದಿತು. ಈ ಪುಟ್ಟ ಸಂಸ್ಥಾನಗಳ ಸಂಗೀತದ ಕೀರ್ತಿಯು ಮೈಸೂರಿನಂತೆ ವಾದ್ಯವೃಂದದಿಂದ ಬಂದುದಲ್ಲ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳವು ಸವಾಯಿ ಗಂಧರ್ವರ ಊರು. ಪಟವರ್ಧನ ಮನೆತನದವರೇ ಆಳಿದ ಕುರುಂದವಾಡವು ವಿಷ್ಣು ದಿಗಂಬರ ಪಲುಸ್ಕರರ ಜನ್ಮಸ್ಥಳ. ವಾಡೆಗಳಲ್ಲಿ ಬೆಳೆದ ಈ ಹಿಂದುಸ್ತಾನಿ ಖಯಾಲಿನ ಗಾನವು ಒಬ್ಬ ಗಾಯಕನ ಕಲ್ಪನೆಯನ್ನೇ ನೆಚ್ಚಿದುದು. ಬೀಳಗಿಯ ಸೋದರಿಯರಾದ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿಯರಲ್ಲಿ ಹಿರಿಯಳು ಬಾಲಗಂಧರ್ವರ ರಂಗಭೂಮಿಯನ್ನು ಸೇರಿದಳು. ಕಿರಿಯಳು ಮುಂಬಯಿಯ ಚಲಚ್ಚಿತ್ರದಲ್ಲಿ, ವಿಶೇಷವಾಗಿ ೧೯೪೩ರ ಕಿಸ್ಮತ್ ಚಿತ್ರದ ಗೀತೆಗಳಿಂದ, ದೇಶವಿಖ್ಯಾತಳಾದಳು. ಇವೆಲ್ಲವೂ ಒಂಟಿ ಕಂಠದ ವಿಜಯಗಳು.

ವೃಂದವನ್ನು ಇಲ್ಲಿ ಕಾಪಾಡಿದುದು ವಾಡೆಯಲ್ಲ, ಬೀದಿ. ಕರಡಿಮಜಲಿನಲ್ಲಿ ಸನಾದಿ, ಕರಡಿ, ತಾಳ ಇವು ಪ್ರಧಾನವಾದ ವಾದ್ಯಗಳು. ಮಜಲು ಎಂಬ ಶಬ್ದಕ್ಕೆ ಪ್ರಯಾಣದ ಹಂತ, ತಂಗುವ ಎಡೆ ಎಂದು ಅರ್ಥ. ನಡೆಯುತ್ತ ನಿಲ್ಲುತ್ತ ಸಾಗುವ ಸಂಗೀತಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ದೇವರ ಪಲ್ಲಕ್ಕಿಯ ಮುಂದೆ, ತೇರಿನ ಮುಂದೆ, ಮದುವೆಯ ದಿಬ್ಬಣದ ಮುಂದೆ ಈ ಮೇಳವು ನಡೆಯುತ್ತದೆ. ಪಾಶ್ಚಾತ್ಯ ವೃಂದದವರು ಆಸನಗಳಲ್ಲಿ ಕುಳಿತು, ನಿಶ್ಶಬ್ದವಾದ ಸಭೆಯಲ್ಲಿ, ಲಿಪಿಯನ್ನು ನೋಡುತ್ತ ನುಡಿಸಿದರೆ, ಇವರು ಜನರ ನೂಕುನುಗ್ಗಲಿನಲ್ಲಿ, ಧೂಳಿನಲ್ಲಿ, ಲಿಪಿಯ ಸಹಾಯವಿಲ್ಲದೆ, ಕಾಲುನಡಿಗೆಯಲ್ಲಿ ನುಡಿಸುತ್ತಾರೆ. ನಿರ್ದೇಶಕನ ಕೋಲಿಲ್ಲ, ಕಣ್ಣಸನ್ನೆಯೇ ಎಲ್ಲವೂ. ಸನಾದಿಯವನು ಸ್ವರವನ್ನು ಬಿಟ್ಟು ಉಸಿರು ತೆಗೆದುಕೊಳ್ಳುವಾಗ ಶ್ರುತಿ ಹಿಡಿದವನು ನಾದವು ಕಡಿಯದಂತೆ ನೋಡಿಕೊಳ್ಳುತ್ತಾನೆ. ಒಂದು ಕರಡಿಯ ಪೆಟ್ಟು ಸಡಿಲಿದರೆ ಜೊತೆಯ ಕರಡಿಯು ಬಿಗಿಗೊಳಿಸುತ್ತದೆ. ಇಬ್ಬರೂ ಅಳುಕಿದರೆ ತಾಳವು ದಾರಿ ತೋರಿಸುತ್ತದೆ. ಶಾಸ್ತ್ರಕಾರನು ಹೇಳಿದ ನಾಲ್ಕನೆಯ ಗುಣಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಉದಾಹರಣೆ ಬೇಕಿಲ್ಲ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಬೇಕಾದ ಅಗತ್ಯವೂ ಇಲ್ಲ; ಹಾಸು ಹೊಕ್ಕುಗಳಲ್ಲಿ ಯಾವ ಎಳೆಯು ಮುಖ್ಯವೆಂದು ಅವರು ಕೇಳುವುದಿಲ್ಲ.

ಹಾಗೆಂದು ಊರಿನ ಆಶ್ರಯವನ್ನು ಅತಿಯಾಗಿ ಹೊಗಳುವುದೂ ಸರಿಯಲ್ಲ. ಅರಮನೆಯ ವಾದಕನಿಗೆ ಸಂಬಳವೂ ಸಮವಸ್ತ್ರವೂ ಇದ್ದುವು. ಹಳ್ಳಿಯ ಭಜಂತ್ರಿಗೆ ಸುಗ್ಗಿಯಲ್ಲಿ ದೊರೆತ ಕಾಳೇ ಸಂಬಳವಾಗಿತ್ತು. ಮಂಗಳಕಾರ್ಯಕ್ಕೆ ಅವನ ನಾದ ಬೇಕು. ಪಂಕ್ತಿಗೆ ಅವನು ಬೇಡ. ದೇವರ ಮುಂದೆ ನಡೆದವನು ದೇವಾಲಯದ ಹೊಸ್ತಿಲಿನ ಹೊರಗೆ ನಿಂತುದು ಈ ನಾಡಿನ ಚರಿತ್ರೆಯಲ್ಲಿ ಮರೆಮಾಡತಕ್ಕ ವಿಷಯವಲ್ಲ. ಊರು ಮೇಳವನ್ನು ಉಳಿಸಿತು, ಮೇಳದವರನ್ನು ಗೌರವಿಸಲಿಲ್ಲ. ಮಕ್ಕಳು ಸನಾದಿಯನ್ನು ಬಿಟ್ಟು ಬೇರೆ ಕಸುಬನ್ನು ಹಿಡಿದರೆ ಅದಕ್ಕೆ ಧ್ವನಿವರ್ಧಕವನ್ನು ಮಾತ್ರ ದೂರಿ ಪ್ರಯೋಜನವಿಲ್ಲ; ಅವಮಾನದಿಂದ ಬಿಡುಗಡೆಯನ್ನು ಬಯಸುವುದು ಯಾವ ಮನುಷ್ಯನಿಗೂ ಸಹಜವಾದುದು.

(೬)

ಈ ಸೀಮೆಯ ಮೇಳದಿಂದ ಕನ್ನಡಿಗರೆಲ್ಲರ ಬಾಯಲ್ಲಿಯೂ ನಿಂತ ಹೆಸರು ಒಂದೇ: ಬೀಳಗಿಯ ಸನಾದಿ ಅಪ್ಪಣ್ಣ. ಬೀಳಗಿಯವರೇ ಆದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಆತನನ್ನು ಕಥಾವಸ್ತುವನ್ನಾಗಿ ಮಾಡಿಕೊಂಡರು. ಆ ಕಥೆಯು ೧೯೭೭ರಲ್ಲಿ ವಿಜಯ್ ಅವರ ನಿರ್ದೇಶನದಲ್ಲಿ ಚಲಚ್ಚಿತ್ರವಾಯಿತು. ರಾಜಕುಮಾರರು ಅಪ್ಪಣ್ಣನ ಪಾತ್ರವನ್ನು ವಹಿಸಿದರು, ಜಿ. ಕೆ. ವೆಂಕಟೇಶರು ಸಂಗೀತವನ್ನು ಕೊಟ್ಟರು. ಸನಾದಿಯ ನಾದವನ್ನು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನರು ಒದಗಿಸಿದರು. ಬಾಗಿಲ ಹೊರಗೆ ನಿಂತು ಊದುವವನೆಂದು ಎಣಿಸಲ್ಪಟ್ಟಿದ್ದವನು ಕಥಾನಾಯಕನಾದುದು ಸಾಮಾನ್ಯವಾದ ಲಾಭವಲ್ಲ. ಆ ಚಿತ್ರದ ನಂತರ ಸನಾದಿಯೆಂಬ ಶಬ್ದವನ್ನು ತಾತ್ಸಾರದಿಂದ ಉಚ್ಚರಿಸುವುದು ಕನ್ನಡಿಗರಿಗೆ ಕಷ್ಟವಾಯಿತು. ಈ ಉಪಕಾರವನ್ನು ಯಾವ ವಿಮರ್ಶಕನೂ ಅಲ್ಲಗಳೆಯಲಾರನು.

ಆದರೂ ಒಂದು ಮಾತು ಹೇಳಲೇಬೇಕಾಗಿದೆ. ಈ ಗೌರವವು ಅಪ್ಪಣ್ಣನಿಗೆ ಸಂದುದು ಮೇಳದಿಂದ ಅವನನ್ನು ಬಿಡಿಸಿ ತೆಗೆದ ಮೇಲೆ. ಬಿಸ್ಮಿಲ್ಲಾ ಖಾನರ ವಾದನವು ಕಚೇರಿಯ ವಾದನ. ಮಂಗಳವಾದ್ಯವನ್ನು ಶಾಸ್ತ್ರೀಯ ಸಂಗೀತದ ವೇದಿಕೆಗೆ ಏರಿಸಿದ ಕೀರ್ತಿ ಅವರದು. ಆ ನಾದವು ಬೀಳಗಿಯ ಸನಾದಿಯ ಸ್ಥಾನದಲ್ಲಿ ನಿಂತಾಗ ಬೀದಿಯ ಸಂಗೀತವು ವೇದಿಕೆಯ ಸಂಗೀತವಾಯಿತು. ಅಪ್ಪಣ್ಣನ ಪಕ್ಕದಲ್ಲಿ ಶ್ರುತಿ ಹಿಡಿದವನು ಯಾರು, ಕರಡಿ ಬಾರಿಸಿದವರು ಯಾರು, ತಾಳ ಹಾಕಿದವನು ಯಾರು ಎಂಬ ಪ್ರಶ್ನೆಯೇ ಜನರ ಸ್ಮರಣೆಯಲ್ಲಿ ಏಳಲಿಲ್ಲ. ಅವರಿಲ್ಲದೆ ಅಪ್ಪಣ್ಣನು ಒಂದು ಮೆರವಣಿಗೆಯನ್ನೂ ನಡೆಸಿರಲಾರನು.

ಇಲ್ಲಿಯೇ ಮೈಸೂರೂ ಬೀಳಗಿಯೂ ಒಂದೆಡೆ ಸೇರುತ್ತವೆ. ಮೈಸೂರಿನ ವಾದ್ಯವೃಂದವನ್ನು ಕುರಿತ ಬರಹಗಳಲ್ಲಿ ಅರಸರ ಹೆಸರಿದೆ, ಆಟೋ ಸ್ಮಿತ್ತನ ಹೆಸರಿದೆ, ಆಸ್ಥಾನವಿದ್ವಾಂಸರ ಹೆಸರುಗಳಿವೆ. ಸಾಲಿನಲ್ಲಿ ಕುಳಿತು ವರ್ಷಗಟ್ಟಲೆ ನುಡಿಸಿದವರು ಬಹುಮಟ್ಟಿಗೆ ಅಜ್ಞಾತರು. ಬೀಳಗಿಯಲ್ಲಿ ಅಪ್ಪಣ್ಣನ ಹೆಸರಿದೆ; ಮೇಳದ ಹೆಸರಿಲ್ಲ. ಒಂದೆಡೆ ಪೋಷಕನು ವೃಂದವನ್ನು ಮುಚ್ಚಿದನು, ಮತ್ತೊಂದೆಡೆ ನಾಯಕನು ಮುಚ್ಚಿದನು. ಶಾರ್ಙ್ಗದೇವನ ಆರು ಗುಣಗಳಲ್ಲಿ ಮುಖ್ಯನ ಅನುಸರಣವೆಂಬ ಮೊದಲನೆಯದೊಂದನ್ನೇ ಹಿಡಿದು ಉಳಿದ ಐದನ್ನು ಬಿಟ್ಟ ಚರಿತ್ರೆಯಿದು. ಇಂಥ ಚರಿತ್ರೆಯನ್ನು ಓದಿ ಬೆಳೆದವರಿಗೆ ವೃಂದಸಂಗೀತವು ಈ ನಾಡಿನದಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ವಸ್ತುವು ಇರಲಿಲ್ಲವೆಂಬುದು ನಿಜವಲ್ಲ. ಅದನ್ನು ನೋಡುವ ಕಣ್ಣು ಒಬ್ಬನ ಮೇಲೆಯೇ ನೆಟ್ಟಿತ್ತು.

(೭)

ಇದರಿಂದ ಉಂಟಾದ ನಷ್ಟವು ಬರಿಯ ಹೆಸರುಗಳ ನಷ್ಟವಲ್ಲ. ವೃಂದದ ವಿದ್ಯೆಯು ಒಬ್ಬನ ತಲೆಯಲ್ಲಿ ಇರುವುದಿಲ್ಲ. ಅದು ಇಬ್ಬರ ನಡುವೆ, ಮೂವರ ನಡುವೆ ಇರುತ್ತದೆ. ನಾಯಕವಾದಕನ ನುಡಿಸಾಣಿಕೆಯನ್ನು ಧ್ವನಿಮುದ್ರಿಸಿ ಇಟ್ಟರೆ ಖಯಾಲು ಒಂದು ಮಟ್ಟಿಗೆ ಉಳಿಯಬಹುದು, ಕರಡಿಮಜಲು ಉಳಿಯದು. ಕರಡಿಯ ಪೆಟ್ಟುಗಳು ಯಾವ ಮಜಲಿನಲ್ಲಿ ಹೇಗೆ ಬದಲಾಗುತ್ತವೆ, ಸನಾದಿಯು ಯಾವ ಸನ್ನೆಯಿಂದ ಗತಿಯನ್ನು ಏರಿಸುತ್ತದೆ, ತಪ್ಪಿದ ಲಯವನ್ನು ಯಾರು ಯಾವ ಬಗೆಯಿಂದ ತಿದ್ದುತ್ತಾರೆ, ಇವನ್ನು ಮೇಳವು ಕೂಡಿ ನುಡಿಸುವಾಗಲೇ ನೋಡಿ ಬರೆದಿಡಬೇಕು. ಒಬ್ಬ ಹಿರಿಯನು ತೀರಿಕೊಂಡರೆ ಒಂದು ವಾದ್ಯವು ನಿಲ್ಲುತ್ತದೆ. ಮೇಳವು ಒಡೆದರೆ ಆ ವಾದ್ಯಗಳ ನಡುವಣ ಒಪ್ಪಂದವೇ ಅಳಿಯುತ್ತದೆ. ಎರಡನೆಯ ನಷ್ಟವನ್ನು ಯಾವ ಶಿಷ್ಯನೂ ಒಬ್ಬನೇ ತುಂಬಿಕೊಡಲಾರನು.

ಆದುದರಿಂದ ಮುಂದೆ ಈ ವಿಷಯವನ್ನು ಸಂಶೋಧಿಸುವವರಿಗೆ ಎರಡು ಕರ್ತವ್ಯಗಳಿವೆ. ಮೈಸೂರು ಅರಮನೆಯ ದಫ್ತರಗಳಲ್ಲಿ ಸಂಬಳದ ಲೆಕ್ಕಗಳನ್ನು ಹುಡುಕಿ, ಸಾಲಿನಲ್ಲಿ ಕುಳಿತ ಪ್ರತಿಯೊಬ್ಬ ವಾದಕನ ಹೆಸರನ್ನೂ ವಾದ್ಯವನ್ನೂ ಸಂಗ್ರಹಿಸುವುದು ಒಂದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯ ಹಳ್ಳಿಗಳಲ್ಲಿ ಮೇಳಮೇಳವಾಗಿ, ವ್ಯಕ್ತಿವ್ಯಕ್ತಿಯಾಗಿ ಅಲ್ಲ, ಕರಡಿಮಜಲಿನ ಪಾಠವನ್ನು ಲಿಪಿಬದ್ಧಗೊಳಿಸಿ, ನುಡಿಸುವವರ ಒಪ್ಪಿಗೆಯಿಂದ ಅವರೆಲ್ಲರ ಹೆಸರುಗಳನ್ನೂ ಅದರೊಡನೆ ಪ್ರಕಟಿಸುವುದು ಮತ್ತೊಂದು. ಅದರ ಪ್ರತಿಯು ಮೊದಲು ಸೇರಬೇಕಾದುದು ಆ ಮೇಳದವರ ಕೈಗೆ. ಲಂಡನ್ನಿನ ವಾದಕರು ೧೯೬೪ರಲ್ಲಿ ಮಾಡಿದಂತೆ ತಮ್ಮ ಸಂಗೀತಕ್ಕೆ ತಾವೇ ಒಡೆಯರಾಗಲು ಮೇಳದವರಿಗೆ ಬೇಕಾದುದು ಕರುಣೆಯಲ್ಲ, ತಕ್ಕ ಸಂಭಾವನೆಯೂ ದಾಖಲೆಯಾದ ಹಕ್ಕೂ ಆಗಿದೆ.

ಮೈಸೂರಿನ ದಸರೆಯ ಮೆರವಣಿಗೆಯಲ್ಲಿ ಇತ್ತೀಚಿನ ದಶಕಗಳಿಂದ ಪೊಲೀಸ್ ಬ್ಯಾಂಡೂ ಉತ್ತರ ಸೀಮೆಯ ಕರಡಿಮಜಲೂ ಒಂದೇ ಬೀದಿಯಲ್ಲಿ ಸಾಗುತ್ತಿವೆ. ನೋಡುವವರು ಒಂದನ್ನು ಅರಸೊತ್ತಿಗೆಯ ನೆನಪೆಂದೂ ಮತ್ತೊಂದನ್ನು ಜಾನಪದದ ಅಲಂಕಾರವೆಂದೂ ಬೇರೆಬೇರೆಯಾಗಿ ಎಣಿಸುತ್ತಾರೆ. ಎರಡೂ ಒಂದೇ ವಿದ್ಯೆಯ ಎರಡು ಶಾಖೆಗಳು. ಎರಡನ್ನೂ ಒಂದೇ ಶಾಸ್ತ್ರದಿಂದ ಅಳೆಯಬಹುದು, ಎರಡರ ಚರಿತ್ರೆಯನ್ನೂ ಒಂದೇ ಗ್ರಂಥದಲ್ಲಿ ಬರೆಯಬೇಕು. ಆ ಗ್ರಂಥದ ಮೊದಲ ಪುಟದಲ್ಲಿ ಅರಸರ ಹೆಸರೂ ಅಪ್ಪಣ್ಣನ ಹೆಸರೂ ಇರಲಿ; ಉಳಿದ ಪುಟಗಳು ಅವರ ಎಡಬಲಗಳಲ್ಲಿ ನಿಂತು ನುಡಿಸಿದವರಿಗೆ ಮೀಸಲಾಗಲಿ.